ಹರಪನಹಳ್ಳಿಯ ಹೆರಾಲ್ಡ್

ಹರಿಹರದಿಂದ ಹರಪನಹಳ್ಳಿಗೆ ಹೊರಟ ಬಸ್ಸಿನಲ್ಲಿ ನಾನು ಕಿಟಕಿಯ ಪಕ್ಕದಲ್ಲಿ ಕುಳಿತಿದ್ದೆ. ತೊಡೆಯ ಮೇಲೆ ಹಳೆಯ ಪಂಚೆಯಲ್ಲಿ ಸುತ್ತಿದ ಒಂದು ಗಂಟು. ಗಾತ್ರಕ್ಕೆ ಎರಡು ತೆಂಗಿನಕಾಯಿಯಷ್ಟು. ತೂಕಕ್ಕೆ ಮಾತ್ರ ಅದರ ನಾಲ್ಕು ಪಾಲು. ಪಕ್ಕದಲ್ಲಿದ್ದ ವೃದ್ಧರೊಬ್ಬರು ಬಹಳ ಹೊತ್ತಿನಿಂದ ಅದನ್ನೇ ನೋಡುತ್ತಿದ್ದರು. ಪಂಚೆಯ ತೂತೊಂದರಿಂದ ಹಿತ್ತಾಳೆಯ ಹೊಳಪು ಇಣುಕುತ್ತಿತ್ತು. ತೆಲಿಗಿ ದಾಟಿದ ಮೇಲೆ ಅವರು ತಾಳಲಾರದೆ ಕೇಳಿಯೇ ಬಿಟ್ಟರು:

“ಏನ್ರೀ ಅದು, ದೇವರ ಮೂರ್ತಿ ಏನ್ರೀ?”

“ಹಿತ್ತಾಳೆಯದು ಹೌದು, ದೇವರಲ್ಲ. ಹಳೆಯ ಮೋಟಾರಿನ ಮುಂಗಾಲಿನ ಕೀಲು” ಎಂದೆ.

ವೃದ್ಧರು ಗಂಭೀರವಾಗಿ ತಲೆದೂಗಿದರು. “ಹಂಗಾರ ದೇವರಾ ಅನ್ರಿ. ಬಂಡಿ ಕಡಾಣಿ ಕಳಚಿ ಬಿದ್ದಾಗ ಗೊತ್ತಾಗತೈತಿ, ಅದು ಎಂಥಾ ದೇವರು ಅಂತ.”

ಆ ಮಾತಿಗೆ ಆಗ ನಕ್ಕುಬಿಟ್ಟೆ. ಮರುದಿನ ಸಂಜೆಯ ಹೊತ್ತಿಗೆ ಆ ನಗೆ ಅಡಗಿಹೋಗಿತ್ತು. ಅದು ಹೇಗೆಂಬುದನ್ನು ಹೇಳುವ ಮೊದಲು ಊರನ್ನೂ ಗಾಡಿಯನ್ನೂ ವಾಚಕರಿಗೆ ಪರಿಚಯ ಮಾಡಿಕೊಡಬೇಕು.

ಜಿಲ್ಲೆ ಬದಲಿಸುವ ಊರು

ಹರಪನಹಳ್ಳಿ ನನ್ನ ಮಾವನವರ ಊರು. ಮೈಸೂರಿನ ಕಡೆಯವನಾದ ನಾನು ಮದುವೆಗೆ ಮುಂಚೆ ಅದನ್ನು ಭೂಪಟದಲ್ಲಿ ಮಾತ್ರ ಕಂಡಿದ್ದೆ. ಹರಿಹರದಲ್ಲಿ ರೈಲಿಳಿದು ಬಸ್ಸು ಹತ್ತಿದರೆ, ಭದ್ರಾ ನಾಲೆಯ ಹಸುರು ಕ್ರಮೇಣ ಹಿಂದುಳಿದು, ಮುಗಿಲನ್ನೇ ನಂಬಿದ ಹೊಲಗಳು ಎದುರಾಗುತ್ತವೆ. ಕೆಲವೆಡೆ ಕೆಮ್ಮಣ್ಣು, ಕೆಲವೆಡೆ ಎರೆ. ಹಂಗಾಮಿಗೆ ತಕ್ಕಂತೆ ಮೆಕ್ಕೆಜೋಳ, ಶೇಂಗಾ, ಸೂರ್ಯಕಾಂತಿ. ನಡುನಡುವೆ ಬೋಳುಗುಡ್ಡಗಳು. ನಾನು ಮೊದಲ ಸಲ ಹೋದಾಗ ಬೇಸಗೆ. ನೆಲವೆಲ್ಲ ಸುಟ್ಟ ಹೆಂಚಿನಂತಿತ್ತು. ಈ ಬಯಲಿನಲ್ಲಿ ಜನರು ಹೇಗಾದರೂ ಇದ್ದಾರೋ ಎಂದುಕೊಂಡೆ. ಮನೆ ಸೇರಿದೊಡನೆ ಅತ್ತೆಯವರು ಕೊಟ್ಟ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗಳನ್ನು ತಿಂದ ಮೇಲೆ, ಹೀಗಿದ್ದಾರೆ ಎಂದು ತಿಳಿಯಿತು.

ಊರಿಗೆ ಹಿರಿಯ ಚರಿತ್ರೆಯೇ ಇದೆ. ಪಾಳೆಯಗಾರರು ಆಳಿದ ನೆಲ ಇದು. ಸೋಮಶೇಖರ ನಾಯಕನ ಹೆಸರನ್ನು ಜನ ಇಂದಿಗೂ ಮರೆತಿಲ್ಲ. ತಾಲ್ಲೂಕಿನ ದಕ್ಷಿಣಕ್ಕೆ ಪಾಂಡ್ಯರ ಉಚ್ಚಂಗಿದುರ್ಗ. ಹತ್ತಿರದಲ್ಲೇ ಬಾಗಳಿ, ನೀಲಗುಂದಗಳ ಚಾಲುಕ್ಯ ಗುಡಿಗಳು. ಆದರೆ ಈ ಊರಿನ ವಿಶೇಷ ಬೇರೊಂದಿದೆ. ಬ್ರಿಟಿಷರ ಕಾಲದಲ್ಲಿ ಇದು ಬಳ್ಳಾರಿ ಜಿಲ್ಲೆಯೊಡನೆ ಮದರಾಸಿಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಇದನ್ನು ಬಳ್ಳಾರಿಯಿಂದ ಕಳಚಿ ಹೊಸ ದಾವಣಗೆರೆ ಜಿಲ್ಲೆಗೆ ಜೋಡಿಸಿದರು. 2018ರಲ್ಲಿ ಮರಳಿ ಬಳ್ಳಾರಿಗೆ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅದಕ್ಕೆ. ಒಂದು ಯಂತ್ರದಿಂದ ಬಿಚ್ಚಿ ಇನ್ನೊಂದಕ್ಕೆ ಕೂಡಿಸುವ ಬಿಡಿಭಾಗದ ಸ್ಥಿತಿ ಹರಪನಹಳ್ಳಿಯದು. ಆದರೂ ಊರು ಊರಾಗಿಯೇ ಉಳಿದಿದೆ. ಈ ಮಾತು ನನ್ನದಲ್ಲ; ನಲವತ್ತು ವರ್ಷ ವಕೀಲಿ ಮಾಡಿ, ಪ್ರತಿ ಸಲವೂ ಹೊಸ ಜಿಲ್ಲಾ ನ್ಯಾಯಾಲಯದ ದಾರಿ ಹಿಡಿದ ಮಾವನವರದು.

ಕೊಟ್ಟಿಗೆಯಲ್ಲಿದ್ದ ಹೆರಾಲ್ಡ್

ಮಾವನವರ ಮನೆಯ ಹಿತ್ತಿಲಿನಲ್ಲಿ, ಹಿಂದೊಮ್ಮೆ ಎತ್ತುಗಳಿದ್ದ ಕೊಟ್ಟಿಗೆಯಲ್ಲಿ, ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ನಿಂತಿತ್ತು. 1966ರದು, ಎರಡು ಬಾಗಿಲಿನದು, 948 ಸಿಸಿ ಇಂಜಿನ್ನು. ಮಾವನವರು 1980ರಲ್ಲಿ ದಾವಣಗೆರೆಯ ಗಿರಣಿಯೊಂದರ ಅಧಿಕಾರಿಯಿಂದ ಕೊಂಡದ್ದು. ಸಂಖ್ಯಾಫಲಕದಲ್ಲಿ ಮೈಸೂರು ರಾಜ್ಯದ ಕಾಲದ ‘ಎಂ.ವೈ.’ ಅಕ್ಷರಗಳು. 2003ರಲ್ಲಿ ನಿಂತ ಗಾಡಿ ಮತ್ತೆ ಹೊರಬಂದಿರಲಿಲ್ಲ. ನಿಂತಲ್ಲಿಯೇ ಮೂರು ಜಿಲ್ಲೆ ಕಂಡ ಮೋಟಾರು ನಾಡಿನಲ್ಲಿ ಬೇರೊಂದಿರಲಾರದು.

ಹೆರಾಲ್ಡ್ ಹುಟ್ಟಿದ್ದು 1959ರಲ್ಲಿ, ಇಂಗ್ಲೆಂಡಿನಲ್ಲಿ. ರೂಪ ಕೊಟ್ಟವನು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಇದನ್ನು ನಮ್ಮ ದೇಶದಲ್ಲಿ ತಯಾರಿಸತೊಡಗಿತು. ಅಂಬಾಸಿಡರ್ ಸಂಸಾರಸ್ಥ, ಫಿಯೆಟ್ ಸರಕಾರಿ ನೌಕರ ಎನ್ನುವುದಾದರೆ, ಹೆರಾಲ್ಡ್ ಆಗಿನ ಕಾಲದ ಷೋಕಿಲಾಲ. ಅದರ ಮುಂಭಾಗವೆಲ್ಲ, ರೆಕ್ಕೆಗಳೂ ದೀಪಗಳೂ ಸೇರಿ, ಒಂದೇ ಮುಚ್ಚಳದಂತೆ ಮುಂದಕ್ಕೆ ತೆರೆದುಕೊಳ್ಳುತ್ತದೆ. ಚಕ್ರ, ಇಂಜಿನ್ನು, ಕೀಲುಗಳೆಲ್ಲ ಕಣ್ಣೆದುರಿಗೆ ಬರುತ್ತವೆ. ಸುಮಾರು ಇಪ್ಪತ್ತೈದು ಅಡಿಯ ವೃತ್ತದಲ್ಲಿ ಅದು ಹಿಂದಿರುಗಬಲ್ಲುದು. ಹರಪನಹಳ್ಳಿಯ ಓಣಿಗಳಿಗೆ ಅದು ಹೇಳಿಮಾಡಿಸಿದ ಗುಣ.

ಇದಕ್ಕೊಬ್ಬ ತಮ್ಮನಿದ್ದಾನೆ. 1962ರಲ್ಲಿ ಇದೇ ಹೆರಾಲ್ಡಿನ ಚಾಸಿಸ್ಸನ್ನು ಮೊಟಕುಗೊಳಿಸಿ, ಅದೇ ಮಿಕೆಲೊಟ್ಟಿಯಿಂದ ಹೊಸ ಮೈ ಬರೆಯಿಸಿ, ಟ್ರಯಂಫ್ ಸ್ಪಿಟ್‌ಫೈರ್ ಎಂಬ ಇಬ್ಬರೇ ಕೂಡುವ ಸ್ಪೋರ್ಟ್ಸ್ ಕಾರನ್ನು ಹೊರಡಿಸಿದರು. 1980ರವರೆಗೆ ಮೂರು ಲಕ್ಷಕ್ಕೂ ಮಿಕ್ಕಿ ಸ್ಪಿಟ್‌ಫೈರುಗಳು ತಯಾರಾದವು. ನಮ್ಮ ಹೆರಾಲ್ಡಿಗೆ ಬಂದ ಭಾಗ್ಯವೆಲ್ಲ ಈ ತಮ್ಮನಿಂದ. ನಮ್ಮಲ್ಲಿ ಹೆರಾಲ್ಡನ್ನು ಕೇಳುವವರು ಉಳಿಯದಿದ್ದರೂ, ಇಂಗ್ಲೆಂಡಿನಲ್ಲಿ ಸ್ಪಿಟ್‌ಫೈರನ್ನು ಮಗುವಿನಂತೆ ಸಾಕುವವರು ಇಂದಿಗೂ ಇದ್ದಾರೆ. ಆದ್ದರಿಂದ ಅದರ ಬಿಡಿಭಾಗಗಳನ್ನು ಹೊಸದಾಗಿ ಮಾಡಿ ಮಾರುವವರೂ ಇದ್ದಾರೆ. ಅಣ್ಣ ತಮ್ಮಂದಿರ ಮುಂಗಾಲಿನ ಕೀಲುಗಳು ಬಹುಮಟ್ಟಿಗೆ ಒಂದೇ.

2024ರ ದಸರೆಯ ರಜೆಯಲ್ಲಿ ಮಾವನವರು ಇದ್ದಕ್ಕಿದ್ದಂತೆ, “ಅಳಿಯಂದ್ರ, ಸಾಯೋದ್ರೊಳಗ ಒಂದು ಸಲ ಈ ಗಾಡಿಯೊಳಗ ನಿಮ್ಮ ಅತ್ತೀನ ಕೂಡಿಸ್ಕೊಂಡು ಬಾಗಳಿಗೆ ಹೋಗಿಬರಬೇಕಂತ ಐತಿ” ಎಂದರು.

ಅತ್ತೆಯವರು ಅಡಿಗೆಮನೆಯಿಂದಲೇ, “ಬಸ್ಸಿಗೆ ಹೋದ್ರ ದೇವರು ಬಾಗಿಲ ಹಾಕ್ಕೊಂತಾನೇನು?” ಎಂದರು. ಆದರೆ ಅವರ ಧ್ವನಿಯಲ್ಲಿ ಅಂಥ ವಿರೋಧವೇನೂ ಕಾಣಲಿಲ್ಲ.

ಮೂರು ಮತ

ಕಾರ್ಯ ಆರಂಭವಾದೊಡನೆ ಮನೆಯಲ್ಲಿ ಮೂರು ಮತಗಳು ಹುಟ್ಟಿದವು.

ನನ್ನ ಭಾವಮೈದ ಬೆಂಗಳೂರಿನಲ್ಲಿ ಇಂಜಿನಿಯರು. ಅವನದು ನವ್ಯಮತ. “ಭಾವಾ, ತಮ್ಮ ಸ್ಪೋರ್ಟ್ಸ್ ಕಾರು ಅಂದಮ್ಯಾಲ ಅಣ್ಣ ಯಾಕ ಹಿಂದ ಉಳೀಬೇಕ್ರೀ? ಸ್ಪಿಟ್‌ಫೈರಿನ 1493 ಸಿಸಿ ಇಂಜಿನ್ನು ತರಸೋಣು. ಮುಂದ ಡಿಸ್ಕ್ ಬ್ರೇಕು, ಅಗಲ ಗಾಲಿ, ಸಣ್ಣ ಸ್ಟಿಯರಿಂಗು ಹಾಕೋಣು” ಎಂದು ಅವನು ಚಿತ್ರಗಳನ್ನು ತೋರಿಸುತ್ತಿದ್ದ.

ಮಾವನವರದು ಸನಾತನಮತ. ಮದರಾಸಿನಿಂದ ಬಂದಾಗ ಏನಿತ್ತೋ ಅದೇ ಇರಬೇಕು. ಒಂದು ಬೋಲ್ಟೂ ಬೇರೆಯದಾಗಕೂಡದು. ಚೆನ್ನೈನ ಪುದುಪೇಟೆಯಲ್ಲಿ, ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿಯಾದರೂ ಹಳೆಯದನ್ನೇ ತರಬೇಕು.

ನನ್ನದು ಬಡ ಮೇಷ್ಟರ ಮತ: ಯಾವುದು ಅಗ್ಗವೋ ಅದು. ನಾನು ಮೊಬೈಲಿನಲ್ಲಿ ಹುಡುಕಿ ನೋಡಲಾಗಿ ಒಂದೇ ಭಾಗಕ್ಕೆ ಮೂರು ಬಗೆಯ ಸರಕು ಕಂಡಿತು. ಮೊದಲನೆಯದು, ಕಂಪನಿ ಇದ್ದಾಗಲೇ ತಯಾರಾಗಿ ಡಬ್ಬಿ ಒಡೆಯದೆ ಉಳಿದ ಹಳೆಯ ದಾಸ್ತಾನು. ಅದು ಅಪರೂಪ, ಬೆಲೆಯೂ ಹೆಚ್ಚು. ಎರಡನೆಯದು, ಮೂಲದ ಅಳತೆ, ಮೂಲದ ಲೋಹಗಳನ್ನು ಅನುಸರಿಸಿ ಹೊಸದಾಗಿ ಮಾಡಿದ್ದು. ಮೂರನೆಯದು, ನೋಡುವುದಕ್ಕೆ ಮಾತ್ರ ಹಾಗೆಯೇ ಇರುವ ನಕಲು. ಬೆಲೆ ಎರಡನೆಯದರ ಮೂರರಲ್ಲೊಂದು ಪಾಲು. ಛಾಯಾಚಿತ್ರದಲ್ಲಿ ಮೂರೂ ಒಂದೇ. ಹಳೆಗನ್ನಡ ಪದ್ಯಗಳ ಪಾಠಾಂತರಗಳನ್ನು ಹತ್ತು ವರ್ಷ ಪಾಠ ಹೇಳಿದವನಿಗೆ, ಒಂದೇ ರೂಪದ ಎರಡು ಪ್ರತಿಗಳಲ್ಲಿ ಒಂದು ಅಶುದ್ಧವಾಗಿರಬಹುದೆಂಬ ಸಂಶಯ ಹುಟ್ಟಬೇಕಾಗಿತ್ತು. ತಿಂಗಳ ಕೊನೆಯಾದ್ದರಿಂದ ಹುಟ್ಟಲಿಲ್ಲ. ಆ ಮೂರನೆಯದನ್ನೇ ತರಿಸಿ, ಪಂಚೆಯಲ್ಲಿ ಸುತ್ತಿಕೊಂಡು, ಸಂಕ್ರಾಂತಿಗೆ ಬಸ್ಸು ಹತ್ತಿದ್ದೆ.

ಆ ಗಂಟಿನಲ್ಲಿದ್ದುದನ್ನು ಇಷ್ಟು ವಿವರಿಸಬೇಕು. ಹೆರಾಲ್ಡಿನ ಮುಂದಿನ ಪ್ರತಿ ಚಕ್ರವೂ ಉಕ್ಕಿನ ಒಂದು ನಿಲುಗಂಬಿಯ ಆಧಾರದಲ್ಲಿ ನಿಂತಿದೆ. ಆ ಕಂಬಿಯ ಕೆಳತುದಿಯಲ್ಲಿ ತಿರುಪಿನ ಹಲ್ಲುಗಳಿದ್ದು, ಅದು ಹಿತ್ತಾಳೆಬಣ್ಣದ ಕಂಚಿನ ಒಂದು ಗೂಡಿನೊಳಗೆ ಇಳಿದಿರುತ್ತದೆ. ಈ ಗೂಡಿಗೆ ಟ್ರನಿಯನ್ ಎಂದು ಹೆಸರು. ಸ್ಟಿಯರಿಂಗನ್ನು ಹೊರಳಿಸಿದಂತೆಲ್ಲ ಕಂಬಿ ಗೂಡಿನಲ್ಲಿ ತಿರುಗುತ್ತದೆ. ಎಡಚಕ್ರದ ತಿರುಪು ಎಡಕ್ಕೆ, ಬಲಚಕ್ರದ್ದು ಬಲಕ್ಕೆ. ಇದರೊಳಗೆ ಗ್ರೀಸು ತುಂಬಕೂಡದು. ಗೇರ್ ಪೆಟ್ಟಿಗೆಗೆ ಹಾಕುವಂಥ ದಪ್ಪನೆಯ 90ನೇ ನಂಬರಿನ ಎಣ್ಣೆಯನ್ನೇ ಹಾಕಬೇಕು. ಗ್ರೀಸು ಹಲ್ಲುಗಳ ಸಂದಿಗೆ ಸರಿಯಾಗಿ ಇಳಿಯುವುದಿಲ್ಲ, ಕಾಲಕ್ರಮದಲ್ಲಿ ಗಟ್ಟಿಯಾಗುತ್ತದೆ, ನೀರು ಒಳಗೇ ನಿಂತು ಉಕ್ಕು ತುಕ್ಕು ಹಿಡಿದು ಸವೆಯುತ್ತದೆ. ಕೊನೆಗೊಂದು ದಿನ ತಿರುವಿನಲ್ಲಿ ಕಂಬಿ ಮುರಿದು, ಚಕ್ರ ಒಳಕ್ಕೆ ಮಡಿಚಿ, ಗಾಡಿ ಮೊಣಕಾಲೂರುತ್ತದೆ. ಆದರೆ ಗ್ರೀಸಿನ ಗನ್ನು ಕೈಯಲ್ಲಿರುವ ಮೆಕ್ಯಾನಿಕನಿಗೆ ಕಂಡ ಸಂದಿಯೆಲ್ಲ ಗ್ರೀಸಿನ ಬಾಯಿಯೇ. ನಮ್ಮ ಗಾಡಿಗೂ ಹತ್ತಾರು ವರ್ಷ ಆ ಉಪಚಾರವೇ ನಡೆದಿತ್ತು.

ಸೀಮೆಸುಣ್ಣದ ಸಾಕ್ಷ್ಯ

ಕೆಲಸಕ್ಕೆ ಒದಗಿದವರು ಎಪ್ಪತ್ತರ ಸಮೀಪದ ಒಬ್ಬ ಟರ್ನರ್ ಮೇಸ್ತ್ರಿ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸ ಕಲಿತವರು. 1941ರಲ್ಲಿ ಆರಂಭವಾದ ಆ ಕಾರ್ಖಾನೆಯ ಲೇತ್ ಯಂತ್ರಗಳು ದೇಶವೆಲ್ಲ ಹರಡಿದ್ದವು. ಈ ಸೀಮೆಯ ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತಿತ್ತು. ಈ ಶತಮಾನದ ಮೊದಲಲ್ಲಿ ಅದು ಮುಚ್ಚಿಹೋದಾಗ ಮೇಸ್ತ್ರಿಯವರು ಊರಿಗೆ ಬಂದು, ಒಂದು ಹಳೆಯ ಲೇತನ್ನೇ ಕೊಂಡು, ತಗಡಿನ ಷೆಡ್ಡಿನಲ್ಲಿ ಅಂಗಡಿ ಹೂಡಿದರು. ಟ್ರ್ಯಾಕ್ಟರಿನ ಪಿನ್ನು, ಬೋರ್‌ವೆಲ್ಲಿನ ಪಂಪು, ಹಿಟ್ಟಿನ ಗಿರಣಿಯ ಅಚ್ಚು ಇವೇ ಅವರ ನಿತ್ಯದ ಗಿರಾಕಿಗಳು.

ನಾನು ಹೆಮ್ಮೆಯಿಂದ ಗಂಟು ಬಿಚ್ಚಿದೆ. ಅವರು ಕಂಬಿಯನ್ನು ಗೂಡಿಗೆ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಲಟಕ್, ಲಟಕ್ ಎಂದಿತು.

“ಇದು ಬರೇ ನಟ್ಟು ಬೋಲ್ಟಿನ ಸಂಬಂಧ ಅಲ್ಲ್ರೀ ಮಾಸ್ತರ. ಗಂಡ ಹೆಂಡತಿ ಸಂಬಂಧ. ಬಿಗಿಯಾದ್ರೂ ನಡೆಯಂಗಿಲ್ಲ, ಸಡ್ಲಾದ್ರೂ ಬಾಳಂಗಿಲ್ಲ” ಎಂದರು. ವರ್ನಿಯರ್ ಹಿಡಿದು ಅಳೆದರು. ಗೂಡಿನ ಅಂಚಿಗೆ ಅರವನ್ನು ಒಮ್ಮೆ ಎಳೆದರು; ಬೆಲ್ಲವನ್ನು ಹೆರೆದಂತೆ ಲೋಹ ಉದುರಿತು. ಆಮೇಲೆ ಎರಡನೆಯ ಗೂಡನ್ನೂ ತಿರುಗಿಸಿ ನೋಡಿ ನಕ್ಕರು. ಎರಡೂ ಬಲಗಾಲಿನವು! ಎಡಗಾಲಿಗೆ ಏನೂ ಇರಲಿಲ್ಲ.

ನನಗೆ ಮುಖ ಎತ್ತಲಾಗಲಿಲ್ಲ. “ಹಾಗಾದರೆ ಹಳೆಯವನ್ನೇ ತೊಳೆದು ಹಾಕಿಬಿಡೋಣವೇ? ಈವರೆಗೆ ನಡೆದಿದೆಯಲ್ಲ” ಎಂದೆ. ಮಾವನವರ ಕಣ್ಣು ಅರಳಿತು. ಅವರಿಗೆ ಬೇಕಾಗಿದ್ದುದೂ ಅದೇ.

ಮೇಸ್ತ್ರಿ ಉತ್ತರ ಕೊಡಲಿಲ್ಲ. ಗಾಡಿಯಿಂದ ಬಿಚ್ಚಿದ್ದ ಹಳೆಯ ಕಂಬಿಗಳ ತುಕ್ಕನ್ನೂ ಗ್ರೀಸನ್ನೂ ತೆಗೆದು, ಸೀಮೆಎಣ್ಣೆಯ ಡಬ್ಬಿಯಲ್ಲಿ ಮುಳುಗಿಸಿಟ್ಟರು. ಒಂದು ಗಂಟೆಯ ಮೇಲೆ ತೆಗೆದು ಒಣಬಟ್ಟೆಯಿಂದ ಚೆನ್ನಾಗಿ ಒರಸಿದರು. ಬಳಿಕ ನನ್ನ ಕಡೆ ತಿರುಗಿ, “ಮಾಸ್ತರ, ನಿಮ್ಮ ಹತ್ರ ಸೀಮೆಸುಣ್ಣ ಐತೇನ್ರೀ?” ಎಂದರು.

ಅಂಗಿಯ ಜೇಬಿನಲ್ಲಿ ಒಂದು ತುಂಡು ಇದ್ದೇ ಇತ್ತು. ಅವರು ಅದನ್ನು ಪುಡಿಮಾಡಿ ಕಂಬಿಗಳ ಮೇಲೆ ತೆಳ್ಳಗೆ ಸವರಿದರು. ನಾವೆಲ್ಲ ಸುತ್ತ ನಿಂತು ನೋಡತೊಡಗಿದೆವು. ಬಲಗಡೆಯ ಕಂಬಿ ಬೆಳ್ಳಗೇ ಉಳಿಯಿತು. ಎಡಗಡೆಯ ಕಂಬಿಯಲ್ಲಿ, ತಿರುಪು ಮೊದಲಾಗುವ ಜಾಗದಲ್ಲಿ, ಬಿಳುಪಿನ ನಡುವೆ ಒದ್ದೆಯ ಸಣ್ಣ ಗೆರೆಯೊಂದು ಮೂಡಿತು. ನೋಡುತ್ತಿದ್ದಂತೆ ಅದು ಕಂಬಿಯ ಅರ್ಧಕ್ಕೂ ಹೆಚ್ಚು ಸುತ್ತಳತೆಗೆ ಹರಿಯಿತು. ಕಣ್ಣಿಗೆ ಕಾಣದಿದ್ದ ಬಿರುಕಿನಲ್ಲಿ ಸೇರಿಕೊಂಡಿದ್ದ ಸೀಮೆಎಣ್ಣೆ, ಸುಣ್ಣ ಕಂಡೊಡನೆ ಹೊರಬಂದು ಸಾಕ್ಷಿ ನುಡಿದಿತ್ತು.

ಯಾರೂ ಮಾತಾಡಲಿಲ್ಲ. ದಸರೆಯ ಆಯುಧಪೂಜೆಯ ದಿನ ಇಂಜಿನ್ನು ಹೇಗೋ ಹೊತ್ತಿಕೊಂಡಾಗ, ಭಾವಮೈದ ಇದೇ ಕಾಲಿನ ಮೇಲೆ ಗಾಡಿಯನ್ನು ಓಣಿಯಲ್ಲಿ ಎರಡು ಸುತ್ತು ಓಡಿಸಿದ್ದ. ಹಿಂದಿನ ಆಸನದಲ್ಲಿ ನನ್ನ ಮಗಳೂ ಪಕ್ಕದ ಮನೆಯ ಮಕ್ಕಳೂ ಕುಳಿತು ಕೇಕೆ ಹಾಕಿದ್ದರು. ‘ಉಚ್ಚಂಗಿಗೇ ಹೋಗಿಬರೋಣ’ ಎಂದು ಅವನು ಹೊರಟಾಗ, ಹೋಳಿಗೆ ಆರಿಹೋಗುತ್ತದೆಂದು ಅತ್ತೆಯವರು ಕೂಗಿ ಕರೆದದ್ದರಿಂದ ಅದು ನಿಂತಿತ್ತು. ನಾನು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡೆ. ಬಸ್ಸಿನಲ್ಲಿ ಸಿಕ್ಕಿದ ವೃದ್ಧರ ಮಾತು ಆಗ ನೆನಪಾಯಿತು.

ಬಾಗಳಿಯ ಕಂಬಗಳು

ಮರುದಿನ ಭಾವಮೈದನ ಹೊಸ ಕಾರಿನಲ್ಲಿ ನಾವೆಲ್ಲ ಬಾಗಳಿಗೆ ಹೋದೆವು. ಮೇಸ್ತ್ರಿಯವರನ್ನೂ ಒತ್ತಾಯದಿಂದ ಕರೆದೊಯ್ದೆವು. ಊರಿನಿಂದ ಕೆಲವೇ ಮೈಲಿಗಳ ದಾರಿ. ಸಂಜೆಯ ಬಿಸಿಲಿನಲ್ಲಿ ಕಲ್ಲೇಶ್ವರನ ಗುಡಿ ಶಾಂತವಾಗಿ ನಿಂತಿತ್ತು. ಹೊರಗಿನಿಂದ ನೋಡಿದವರಿಗೆ ಇದು ಅಷ್ಟೇನೂ ದೊಡ್ಡದೆನಿಸದು. ಸಭಾಮಂಟಪದ ಒಳಗೆ ಕಾಲಿಟ್ಟಾಗ ಮಾತ್ರ ಬಾಯಿ ತಾನಾಗಿ ಮುಚ್ಚುತ್ತದೆ. ಐವತ್ತರಷ್ಟು ಕಂಬಗಳು, ಬಳಪದ ಕಲ್ಲಿನಲ್ಲಿ ಕಡೆದವು. ಬಳೆಯ ಮೇಲೆ ಬಳೆ, ಗಂಟೆಯ ಮೇಲೆ ಬಟ್ಟಲು, ಅದರ ಮೇಲೆ ಮುಚ್ಚಳ. ಕೆಲವಂತೂ ಮುಖ ಕಾಣುವಷ್ಟು ನುಣುಪು.

ಮೇಸ್ತ್ರಿ ದೇವರಿಗೆ ಕೈಮುಗಿದು ಬಂದು, ಒಂದು ಕಂಬದ ಬಳೆಗಳ ಸಂದಿಯಲ್ಲಿ ಉಗುರಾಡಿಸಿ ನಿಂತುಬಿಟ್ಟರು. “ಇದು ಲೇತಿನ ಕೆಲಸ್ರೀ” ಎಂದು ಪಿಸುಗುಟ್ಟಿದರು. ಅವರ ಮಾತು ನಿಜ. ಚಾಲುಕ್ಯರ ಕಾಲದ ಶಿಲ್ಪಿಗಳು ಕಂಬದ ಕಲ್ಲನ್ನು ತಿರುಗುವಂತೆ ಹೂಡಿ, ಉಳಿಯನ್ನು ಒತ್ತಿ ಹಿಡಿದು, ಈ ಬಳೆಗಳನ್ನು ತೆಗೆಯುತ್ತಿದ್ದರು. ಹರಿಹರದ ಕಾರ್ಖಾನೆ ಏಳುವುದಕ್ಕೆ ಸಾವಿರ ವರ್ಷ ಮೊದಲೇ ಈ ಸೀಮೆಯಲ್ಲಿ ಟರ್ನರುಗಳಿದ್ದರು!

ಈ ಗುಡಿ ಒಬ್ಬರ ಕಾಲದಲ್ಲಿ ಆದುದಲ್ಲ. ಹತ್ತನೆಯ ಶತಮಾನದ ನಡುವೆ, ರಾಷ್ಟ್ರಕೂಟರ ಕಾಲದಲ್ಲಿ ಕೆಲಸ ಮೊದಲಾಯಿತು. ಕಲ್ಯಾಣ ಚಾಲುಕ್ಯ ವಂಶವನ್ನು ಸ್ಥಾಪಿಸಿದ ಎರಡನೆಯ ತೈಲಪನ ಆಳಿಕೆಗೆ ಸೇರಿದ 987ರ ಶಾಸನ, ದುಗ್ಗಿಮಯ್ಯನೆಂಬವನು ದೇವರನ್ನು ಪ್ರತಿಷ್ಠಿಸಿದ್ದನ್ನು ಹೇಳುತ್ತದೆ. ಮುಂದಿನವರು ಹೊಸ ಅಂಗಗಳನ್ನು ಕೂಡಿಸುತ್ತ ಹೋದರು. ಬಾಗಳಿಯಲ್ಲಿ ದೊರೆತ ಹಳಗನ್ನಡ ಶಾಸನಗಳೇ ಮೂವತ್ತಾರು. ಕೂಡಿಸಿದವರು ಕೂಡಿಸಿದ್ದನ್ನು ಬರೆದಿಟ್ಟರು; ತಮ್ಮ ಕಂಬವನ್ನು ಹಿಂದಿನವರ ಕಂಬವೆಂದು ಹೇಳಿಕೊಳ್ಳಲಿಲ್ಲ.

ಇಂಥ ಹಳೆಯ ಗುಡಿಗಳಲ್ಲಿ ಬಿದ್ದುಹೋದ ಕಂಬದ ಸ್ಥಳದಲ್ಲಿ ಕೆತ್ತನೆಯಿಲ್ಲದ ಸಾದಾ ಕಲ್ಲನ್ನು ನಿಲ್ಲಿಸಿರುವುದನ್ನು ವಾಚಕರು ಕಂಡಿರಬಹುದು. ಎಷ್ಟೋ ಜನ ಅದನ್ನು ಇಲಾಖೆಯ ಔದಾಸೀನ್ಯವೆಂದು ಬೈಯುತ್ತಾರೆ. ಒಂದು ಕಾಲಕ್ಕೆ ನಾನೂ ಬೈದವನೇ. ಆದರೆ ಅದರ ಹಿಂದೆ ಒಂದು ಧರ್ಮವಿದೆ. ಭಾರ ಹೊರಲು ಹೊಸ ಕಲ್ಲು ಬೇಕು; ಆದರೆ ಅದು ಹಳೆಯದೆಂದು ನೋಡುವವನನ್ನು ನಂಬಿಸಕೂಡದು. 1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ಸ್ಮಾರಕತಜ್ಞರು ಇದನ್ನೇ ನಿಯಮವಾಗಿ ಬರೆದರು: ಸೇರಿಸಿದ ಭಾಗ ಒಟ್ಟಿನೊಡನೆ ಹೊಂದಿಕೊಳ್ಳಬೇಕು, ಆದರೆ ಮೂಲದಿಂದ ಬೇರೆಯೆಂದು ಗು್ರುತಿಗೂ ಸಿಗಬೇಕು. 2012ರಲ್ಲಿ ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಟ್ಯೂರಿನ್ ನಗರದಲ್ಲಿ ಇಂಥದೇ ಸನ್ನದನ್ನು ಮೋಟಾರುಗಳಿಗಾಗಿ ಒಪ್ಪಿಕೊಂಡಿತು. ಉಳಿಸಬಹುದಾದ ಮೂಲಭಾಗಗಳನ್ನು ಉಳಿಸಬೇಕು, ಬದಲಾಯಿಸಿದ್ದಕ್ಕೆ ಗುರುತು ಹಾಕಬೇಕು ಎಂಬುದು ಅದರ ಸಾರ.

ಮಂಟಪದ ಕಕ್ಷಾಸನದ ಮೇಲೆ ಕುಳಿತು ನಾನು ಇದನ್ನೆಲ್ಲ ಹೇಳಿದಾಗ ಮಾವನವರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, “ಅಂದ್ರ ಹೊಸ ಸಾಕ್ಷೀನ ಹಾಜರು ಮಾಡಬಹುದು. ಹಳೇ ಸಾಕ್ಷಿ ಹೆಸರಿನ್ಯಾಗ ಮಾತ್ರ ಮಾಡಬಾರದು” ಎಂದರು. ಮುರಿಯಲಿದ್ದ ಆ ಕಂಬಿಯ ಮೇಲಿನ ಹಟವನ್ನು ಅವರು ಅಲ್ಲಿಯೇ ಬಿಟ್ಟರು. ಮೂರು ಮತಗಳ ಜಗಳ ತೀರ್ಮಾನವಾದದ್ದು ಹೀಗೆ.

ಬದಲಾದದ್ದು, ಉಳಿದದ್ದು

ಆಮೇಲಿನ ಆಯ್ಕೆ ಸುಲಭವಾಯಿತು. ಪ್ರತಿಯೊಂದು ಭಾಗವನ್ನೂ ಕೈಗೆತ್ತಿಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದೆವು: ಇದು ಹೊರುವುದು ಭಾರವನ್ನೋ, ನೆನಪನ್ನೋ?

ಮುಂಗಾಲಿನ ಎರಡು ಕಂಬಿ, ಎರಡು ಗೂಡುಗಳನ್ನು ಇಂಗ್ಲೆಂಡಿನಿಂದ ತರಿಸಿದೆವು. ಅಗ್ಗದವಲ್ಲ, ಮೂಲದ ಅಳತೆಯಂತೆ ಮಾಡಿದವು. ನನ್ನ ಒಂದು ತಿಂಗಳ ಸಂಬಳದ ಒಳ್ಳೆಯ ಪಾಲು ಅದಕ್ಕೆ ಹೋಯಿತು. ಅದನ್ನು ನಾನು ನಕಲಿಗೆ ತೆತ್ತ ದಂಡವೆಂದು ಭಾವಿಸಿದೆ. ಬ್ರೇಕಿನ ಸಿಲಿಂಡರುಗಳು, ಕೊಳವೆಗಳೆಲ್ಲ ಹೊಸವು. ಹೆರಾಲ್ಡಿನ ಬ್ರೇಕಿನ ಎಣ್ಣೆಗೆ ಒಂದೇ ದಾರಿ. ಒಂದೆಡೆ ಸೋರಿದರೆ ನಾಲ್ಕು ಚಕ್ರವೂ ನಿಲ್ಲವು. ಅಲ್ಲಿ ಹಳೆಯದರ ಮೋಹ ಸಲ್ಲದು.

ಪೆಟ್ರೋಲಿನ ರಬ್ಬರು ಕೊಳವೆಗಳೂ, ಪಂಪಿನೊಳಗಿನ ಪೊರೆಯೂ ಹೊಸವು. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತಿರುತ್ತದೆ. 1966ರ ರಬ್ಬರು ಅದನ್ನು ಕಂಡದ್ದೇ ಇಲ್ಲ. ಅದು ಉಬ್ಬುತ್ತದೆ, ಬಿರಿಯುತ್ತದೆ, ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲನ್ನು ತೊಟ್ಟಿಕ್ಕಿಸುತ್ತದೆ. ಆದ್ದರಿಂದ ಎಥನಾಲಿಗೆ ತಡೆಯುವ ಜಾತಿಯ ಕೊಳವೆಯನ್ನೇ ಕೇಳಿ ಹಾಕಿಸಿದೆವು. ಹಳೆಯ ಗಾಡಿ ಇಟ್ಟುಕೊಂಡ ಯಾರಿಗಾದರೂ ನಾನು ಮೊದಲು ಹೇಳುವ ಬುದ್ಧಿಮಾತು ಇದು.

ಸಂದುಗಳ ಬುಷ್ಷುಗಳ ವಿಷಯದಲ್ಲಿ ಚರ್ಚೆಯಾಯಿತು. ಪಾಲಿಯುರಿಥೇನ್ ಎಂಬ ಹೊಸ ವಸ್ತುವಿನವು ಬಹುಕಾಲ ಬಾಳುತ್ತವೆ. ಪಂದ್ಯದ ಗಾಡಿಗಳಿಗೆ ಅವೇ ಇಷ್ಟ. ಆದರೆ ರಬ್ಬರಿಗಿಂತ ಬಿರುಸು. ರಸ್ತೆಯ ಪ್ರತಿಯೊಂದು ಕಲ್ಲನ್ನೂ ಸವಾರನ ಬೆನ್ನೆಲುಬಿಗೆ ವರದಿ ಮಾಡುತ್ತವೆ. ನಮ್ಮ ರಸ್ತೆಗಳನ್ನೂ ಮಾವನವರ ಸೊಂಟವನ್ನೂ ಲೆಕ್ಕ ಹಾಕಿ ರಬ್ಬರನ್ನೇ ಆರಿಸಿದೆವು.

ಕಿಡಿ ಹಾರಿಸುವ ಸಿ.ಬಿ. ಪಾಯಿಂಟುಗಳನ್ನು ತೆಗೆದು ಎಲೆಕ್ಟ್ರಾನಿಕ್ ಪೆಟ್ಟಿಗೆ ಹಾಕಬೇಕೆಂದು ಭಾವಮೈದ ಹೇಳಿದ. ಅದು ನಿಜಕ್ಕೂ ಉತ್ತಮ. ಪದೇ ಪದೇ ಹೊಂದಿಸುವ ತೊಂದರೆಯಿಲ್ಲ. ಮೇಸ್ತ್ರಿ ಮಾತ್ರ, “ಪಾಯಿಂಟು ಕೆಟ್ರ ಅರಸೀಕೆರೆ ದಾರ್ಯಾಗೂ ಉಪ್ಪುಕಾಗದ ತಿಕ್ಕಿ ಮನೀ ಮುಟ್ಟಬಹುದು. ಪೆಟಿಗಿ ಕೆಟ್ರ ಅದರ ಮುಂದ ಕುಂತು ಅಳಬೇಕು” ಎಂದರು. ಪಾಯಿಂಟು ಉಳಿಯಿತು.

ದೊಡ್ಡ ಇಂಜಿನ್ನಿನ ಆಸೆಯನ್ನು ಮಾವನವರು ಕಾನೂನಿನಿಂದಲೇ ಹೊಡೆದರು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ಬಾಯಿಪಾಠ ಒಪ್ಪಿಸಿ, ನೋಂದಣಿಯಲ್ಲಿರುವ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಮನಬಂದಂತೆ ಮಾರ್ಪಡಿಸಲಾಗದೆಂದು ತೀರ್ಪಿತ್ತರು. ಐವತ್ತು ವರ್ಷ ದಾಟಿ ಮೂಲರೂಪದಲ್ಲಿರುವ ವಾಹನಗಳಿಗೆ 2021ರಲ್ಲಿ ಪ್ರತ್ಯೇಕ ನಿಯಮಗಳು ಬಂದಿವೆ. ಅದರಂತೆ ನೋಂದಾಯಿಸಿದರೆ ಪ್ರದರ್ಶನ, ರ್‍ಯಾಲಿ ಮೊದಲಾದವಕ್ಕೆ ಮಾತ್ರ ಗಾಡಿಯನ್ನು ರಸ್ತೆಗೆ ತರಬಹುದು. “ಬಾಗಳಿಗೆ ಹೋಗದ ಗಾಡಿ ಯಾತಕ್ಕ?” ಎಂದು ಅವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡರು.

ಉಳಿದವು ಯಾವುವು? ಹೆಬ್ಬೆರಳು ಸವೆಸಿದ ಸ್ಟಿಯರಿಂಗು; ಅರ್ಧ ಬಣ್ಣ ಹೋದ ಗಡಿಯಾರದ ಮುಖ; ಅತ್ತೆಯವರು ಹಸುರು ದಾರದಿಂದ ಹೊಲಿದ ಕೆಂಪು ರೆಕ್ಸಿನ್ನಿನ ಆಸನ. ಭಾವಮೈದ ಅಪ್ಪಟ ಚರ್ಮ ಹೊದಿಸಬೇಕೆಂದಿದ್ದ. ಆ ಹೊಲಿಗೆ ಹಾಕಿದ್ದು ಅವನನ್ನು ಹೆರಿಗೆಯಾಗಿ ಆಸ್ಪತ್ರೆಯಿಂದ ಕರೆತಂದ ವರ್ಷವೆಂದು ತಿಳಿದ ಮೇಲೆ ಆ ಮಾತನ್ನೇ ಎತ್ತಲಿಲ್ಲ.

ಬದಲಾಯಿಸಿದ ಭಾಗಗಳಿಗೆಲ್ಲ ಮೇಸ್ತ್ರಿ ಕಾಣದ ಮೂಲೆಯಲ್ಲಿ 2025 ಎಂದು ಸಣ್ಣ ಅಂಕಿ ಒತ್ತಿದರು. ಮಾವನವರು ಹಳೆಯ ಡೈರಿಯೊಂದರಲ್ಲಿ ದಸ್ತಾವೇಜಿನ ಶೈಲಿಯಲ್ಲಿ ಪಟ್ಟಿ ಬರೆದರು: ಯಾವ ಭಾಗ, ಏಕೆ ತೆಗೆದದ್ದು, ಯಾವುದು ಬಂತು. ಬಿರುಕುಬಿಟ್ಟ ಕಂಬಿಯನ್ನು ಎಸೆಯಲಿಲ್ಲ. ಅದು ಅವರ ಮೇಜಿನ ಮೇಲೆ ಕಾಗದಗಳು ಹಾರದಂತೆ ಕುಳಿತಿದೆ.

2025ರ ಯುಗಾದಿಯ ಬೆಳಿಗ್ಗೆ ಹೆರಾಲ್ಡ್ ಬಾಗಳಿಗೆ ಹೊರಟಿತು. ಮಾವನವರು ಸ್ಟಿಯರಿಂಗಿನಲ್ಲಿ, ಪಕ್ಕದಲ್ಲಿ ಅತ್ತೆಯವರು, ಹಿಂದೆ ನಾನೂ ಮಗಳೂ. ಭಾವಮೈದ ಹಿಂದಿನಿಂದ ತನ್ನ ಕಾರಿನಲ್ಲಿ, ಅಗತ್ಯ ಬಿದ್ದರೆ ಎಳೆದುತರಲು ಹಗ್ಗದ ಸಮೇತ. ಮುಳ್ಳು ಮೂವತ್ತು ಮೈಲಿಯನ್ನು ದಾಟಲಿಲ್ಲ. ದಾಟಬೇಕೆಂದು ಯಾರಿಗೂ ಅನಿಸಲೂ ಇಲ್ಲ. ಹೊಲದಲ್ಲಿದ್ದವರು ನಿಂತು ನೋಡಿದರು. ಪ್ರತಿ ತಿರುವಿನಲ್ಲೂ ನಾನು ಉಸಿರು ಹಿಡಿಯುತ್ತಿದ್ದೆ. ಗುಡಿ ಕಂಡ ಮೇಲೆ ಬಿಟ್ಟೆ. ಗುಡಿಯ ಮುಂದೆ ಮಾವನವರು ಒಂದೇ ಹೊರಳಿಗೆ ಗಾಡಿಯನ್ನು ಊರ ಕಡೆ ತಿರುಗಿಸಿ ನಿಲ್ಲಿಸಿದರು. ಹುಡುಗನಂತೆ ನಮ್ಮತ್ತ ನೋಡಿ ನಕ್ಕರು.

ಆ ನಗೆಯಲ್ಲಿ ಮುಂದಿನ ಎರಡು ಹಲ್ಲುಗಳಿರಲಿಲ್ಲ. ಅತ್ತೆಯವರು ತಡೆಯಲಾರದೆ, “ಗಾಡಿಗೆ ಹೊಸ ಕಾಲು ಬಂದ್ವು. ಯಜಮಾನ್ರಿಗೆ ಹಲ್ಲು ಕಟ್ಟಿಸ್ಕೊಳ್ರಿ ಅಂತ ನಾಲ್ಕು ವರ್ಷದಿಂದ ಬಡಕೊಂತೀನಿ. ಹುಟ್ಟಿದಾಗಿನ ಹಲ್ಲಲ್ಲ, ಬ್ಯಾಡ ಅಂತಾರ!” ಎಂದರು.

ಮಾವನವರು ಬೇವುಬೆಲ್ಲವನ್ನು ಒಸಡಿನಲ್ಲೇ ಜಗಿಯುತ್ತ ಸ್ವಲ್ಪ ಆಲೋಚಿಸಿದರು. “ಆಯ್ತು. ಭಾರ ಹೊರೋ ಭಾಗ ಅದು, ಬದಲಿಸೋಣು” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಆದ್ರ ಅಳಿಯಂದ್ರ, ಡೈರಿಯೊಳಗ ಬರಕೊಳ್ರಿ” ಎಂದರು.